ಸುನಂದೆಯ ಕಿವಿಯೂ ನನ್ನ ಕಥೆಯೂ

"ಈರ್ ಓಡೆ ಪೋಪರ್?" ಬಂಟ್ವಾಳದಲ್ಲಿ ಬಸ್ಸಿಳಿದ ನನ್ನನ್ನು ಒಬ್ಬರು ಕೇಳಿದರು. ನಾನು ಕಣ್ಣು ಕಣ್ಣು ಬಿಡುತ್ತ ನಿಂತೆ. ಅವರು ಅದನ್ನೇ ಇನ್ನೂ ಗಟ್ಟಿಯಾಗಿ ಕೇಳಿ, ಪಕ್ಕದವರಿಗೆ ತಮ್ಮ ಕಿವಿ ಮುಟ್ಟಿ ತೋರಿಸಿ ನಕ್ಕರು. ಎಲ್ಲಿಗೆ ಹೋಗ್ತೀರಿ ಎಂದು ತುಳುವಿನಲ್ಲಿ ಕೇಳಿದ್ದಂತೆ. ರಾಜ್ಯ ಒಂದಾಯಿತೆಂದು ಹಿಗ್ಗಿ ಧಾರವಾಡದಿಂದ ಬಂದ ನಾನು ಕನ್ನಡನಾಡಿನಲ್ಲೇ ಕಿವುಡಿಯಾಗಿದ್ದೆ.

ಕೆಲಸ ಸಿದ್ಧಕಟ್ಟೆ ಕಡೆಯ ಒಂದು ಶಾಲೆಯಲ್ಲಿ. ಧಾರವಾಡದಲ್ಲಿ ನಾನು ಅಕ್ಕೋರು, ಇಲ್ಲಿ ಟೀಚರು. ರೊಟ್ಟಿಯ ನಾಲಿಗೆಗೆ ಕುಚ್ಚಲಕ್ಕಿ ಗಂಜಿ ಹತ್ತಲು ತಿಂಗಳುಗಳೇ ಬೇಕಾದವು. ಮಕ್ಕಳು ಪಾಠದಲ್ಲಿ ಪುಸ್ತಕದಂಥ ಕನ್ನಡ ಆಡುತ್ತಿದ್ದರು. ಬಿಡುವಿನ ಗಂಟೆ ಹೊಡೆದರೆ ಬರೀ ತುಳು. ಆಗ ನನ್ನ ಹತ್ತಿರ ಬರುತ್ತಿದ್ದವಳು ಹುಟ್ಟುಗಿವುಡಿ ಸುನಂದೆ ಒಬ್ಬಳೇ. ಊಟ ಆಯ್ತಾ, ಯಾಕೆ ಅಳ್ತೀರಿ, ಎಲ್ಲವನ್ನೂ ಕೈಯಲ್ಲೇ ಕೇಳುತ್ತಿದ್ದಳು.

ಧಾರವಾಡದ ಪತ್ರಿಕೆಯೊಂದಕ್ಕೆ ನಾನು ಮಕ್ಕಳ ಕಥೆ ಬರೆಯುತ್ತಿದ್ದೆ. ಒಂದು ದಿನ ತರಗತಿಯಲ್ಲಿ ಅಂಥದೊಂದನ್ನು ಓದಿದೆ. ಕಿವುಡ ಹುಡುಗಿ ಬಲು ಒಳ್ಳೆಯವಳು, ದೇವಿ ಮೆಚ್ಚಿದಳು, ಕಿವಿ ಬಂತು. ಮಕ್ಕಳೆಲ್ಲ ತಿರುಗಿ ಸುನಂದೆಯನ್ನು ನೋಡಿದರು.

ಮರುದಿನ ಬಾವಿಕಟ್ಟೆಯ ಬಳಿ ಮಕ್ಕಳು ಅವಳ ಕೈ ಮುಗಿಸಿ ಕೂರಿಸಿದ್ದರು. ಸರದಿಯಲ್ಲಿ ಅವಳ ಕಿವಿಗೆ ಬಾಯಿಟ್ಟು ಕಿರುಚುತ್ತಿದ್ದರು. ಅವಳು ಮುಖ ತಿರುಗಿಸಿ ಕೊಸರಿಕೊಳ್ಳುತ್ತಿದ್ದಳು. ನಾನು ಗದರಿದರೆ ಒಬ್ಬಳು, "ನಿಮ್ಮ ಕಥೆಯಲ್ಲಿ ಉಂಟಲ್ಲ ಟೀಚರೇ?" ಎಂದಳು.

ಸಂಜೆ ಸುನಂದೆಯ ತಾಯಿ, ಬೀಡಿ ಕಟ್ಟುವ ಕಮಲಕ್ಕ, ಬಂದರು. ಕೂರಲಿಲ್ಲ.

"ಒಳ್ಳೆಯವರಿಗೆ ದೇವರು ಕಿವಿ ಕೊಡ್ತಾರಂತೆ. ನನ್ನ ಮಗಳು ಏನು ಕೆಟ್ಟದು ಮಾಡಿದ್ದಾಳೆ, ಹೇಳಿ ಟೀಚರೇ."

ಅವರು ಹೋದ ಮೇಲೆ ಆ ಕಥೆ ಹರಿದು ಒಲೆಗೆ ಹಾಕಿದೆ. ನನ್ನ ಮೇಲಿನ ಸಿಟ್ಟು ಆರಲಿಲ್ಲ.

ಹೊಸದು ಬರೆದೆ. ಈ ಕಥೆಯ ಹುಡುಗಿ ಕೊನೆಗೂ ಕಿವುಡಿಯೇ. ಅವಳ ಕೈಮಾತನ್ನು ತರಗತಿಯೇ ಕಲಿಯುತ್ತದೆ. ಸಂಪಾದಕರು ಹಿಂದಕ್ಕೆ ಕಳಿಸಿದರು: "ಕಡೆಗೆ ಕಿವಿ ಕೇಳುವ ಹಾಗೆ ಮಾಡಿರಿ. ಮಕ್ಕಳಿಗೆ ದುಃಖ ಆಗಬಾರದು."

ಯಾವ ಮಕ್ಕಳಿಗೆ? ಸುನಂದೆ ಮಗುವಲ್ಲವೇ? ಒಂದಕ್ಷರವನ್ನೂ ತಿದ್ದಲಿಲ್ಲ. ತರಗತಿಯಲ್ಲಿ ಅದನ್ನು ಕೈಯಲ್ಲಿ ಹೇಳಿದೆ. ತಪ್ಪಿದಲ್ಲೆಲ್ಲ ಸುನಂದೆ ಎದ್ದು ಬಂದು ನನ್ನ ಬೆರಳು ಸರಿಪಡಿಸಿದಳು. ಬಾಗಿಲಲ್ಲಿ ನಿಂತಿದ್ದ ಕಮಲಕ್ಕ ಆ ದಿನ ಒಳಗೆ ಬಂದು ಕೂತರು.

ರಜೆಗೆ ಧಾರವಾಡಕ್ಕೆ ಹೋದೆ. ಊಟಕ್ಕೆ ಕೂತಾಗ ಯಾರೋ ಕಿವುಡರ ಮೇಲೆ ನಗೆಚಟಾಕಿ ಹಾರಿಸಿದರು, ಎಲ್ಲರೂ ನಕ್ಕರು. ನಾನು ತಾಟು ಬಿಟ್ಟೆದ್ದೆ. "ನೀ ಈಗ ನಮ್ಮಾಕಿ ಉಳಿದಿಲ್ಲ ಬಿಡು," ಎಂದಳು ಅತ್ತಿಗೆ.

ಸಿದ್ಧಕಟ್ಟೆಯಲ್ಲಿ ಇವತ್ತಿಗೂ ನಾನು 'ಘಟ್ಟದ ಮೇಲಿನ ಟೀಚರು'.