ರಂಗಣ್ಣ ಕಲಸಿದ ಓಆರ್‌ಎಸ್

ಹೊಟ್ಟೆ ಕೆಡಿಸಿದವನ ಮೇಲೆ ಜನ ಸಿಟ್ಟಾಗಬೇಕು ತಾನೇ? ಬೂದಿಗೆರೆ ಕಡೆಯ ಒಂದು ಹಳ್ಳಿಯಲ್ಲಿ ನಾನು ಕಂಡದ್ದೇ ಬೇರೆ.

ಬೀಗರೂಟ ಉಂಡ ಮರುದಿನ ಇಡೀ ಬೀದಿಗೆ ವಾಂತಿ-ಭೇದಿ. ಆರೋಗ್ಯ ಇಲಾಖೆಯಿಂದ ವಿಚಾರಿಸಲು ಹೋದವನು ನಾನು. ಜಗಲಿಯ ಮೇಲೆ ಮುದುಡಿ ಮಲಗಿದ್ದ ಗೌರಮ್ಮನನ್ನು, "ಏನಮ್ಮಾ ತಿಂದ್ರಿ?" ಅಂತ ಕೇಳಿದೆ. ತಕ್ಷಣ ಎದ್ದು ಕೂತರು.

"ಕುರಿ ಬೋಟಿ ಗೊಜ್ಜು ಕಣಪ್ಪಾ! ಅಡುಗೆ ರಂಗಣ್ಣ ಮಾಡಿದ್ದು. ಅವನ ಕೈಗೆ ಚಿನ್ನದ ಕಡಗ ಹಾಕ್ಬೇಕು."

"ಆ ಗೊಜ್ಜಿಂದಾನೇ ಹಿಂಗಾಗಿರೋದು."

"ಬಿಡ್ತು ಅನ್ನು! ಯಾರದೋ ಕಣ್ಣು ಬಿದ್ದೈತೆ."

ಎಲ್ಲ ಮನೆಯಲ್ಲೂ ಇದೇ ರಾಗ. ನಾನು ಕೊಟ್ಟ ಓಆರ್‌ಎಸ್ ನೀರನ್ನು ಮಾತ್ರ ಒಂದು ಗುಟುಕಿಗೇ ಪಕ್ಕಕ್ಕಿಟ್ಟರು. ಈ ಊರಿನ ಟ್ಯಾಂಕಿಗೆ ವರ್ಷಗಟ್ಟಲೆ ಕ್ಲೋರಿನ್ ಹಾಕಿಸಿದ್ದೇನೆ. ನೀರು ವಾಸನೆ ಅಂತ ಬೈಸಿಕೊಂಡಿದ್ದೇ ಬಂತು. ಗೊಜ್ಜು ಮುಟ್ಟದ ನನ್ನ ಹೊಟ್ಟೆಯೂ ಉರಿಯತೊಡಗಿತು.

ಕೊನೆಗೆ ಬೇರೆ ದಾರಿ ಕಾಣದೆ ರಂಗಣ್ಣನನ್ನೇ ಕರೆತಂದೆ. ಅವನಿಗೇನೂ ಆಗಿರಲಿಲ್ಲ. "ಮಾಡಿದೋನಿಗೆ ಉಣ್ಣೋಕೆ ಮನಸ್ಸು ಬರಲ್ಲ ಸಾರ್," ಅಂದ. ಹಿಂದಿನ ರಾತ್ರಿಯೇ ಬೇಯಿಸಿದ ಗೊಜ್ಜನ್ನು ಊಟದ ದಿನ ಮಧ್ಯಾಹ್ನದವರೆಗೂ ಮುಚ್ಚಿಟ್ಟಿದ್ದನಂತೆ. ಬೈದು, ಕೈಗೆ ಸೋಪು ಕೊಟ್ಟು, ಓಆರ್‌ಎಸ್ ಕಲಸಲು ಹೇಳಿದೆ. ಮನೆಮನೆಗೂ ಅವನೇ ಹಂಚಿದ. ಲೋಟದ ತಳ ಕಾಣುವವರೆಗೂ ಕುಡಿದರು!

ಗೌರಮ್ಮ ಬಾಯಿ ಒರೆಸಿಕೊಂಡು ನನ್ನತ್ತ ತಿರುಗಿದರು. "ನೋಡ್ದಾ? ಮಾಡಿದ್ರೆ ಹಿಂಗೆ ಮಾಡ್ಬೇಕು. ನೀನೂ ಒಸಿ ಕಲ್ತ್ಕೊಳಪ್ಪಾ."

ಪುಡಿ ನನ್ನದು. ನೀರು ಕಾಯಿಸಿ ಆರಿಸಿದ್ದೂ ನಾನೇ. ಅವನದು ಅಂತ ಇದ್ದದ್ದು ಒಂದು ಸೌಟು. ಅದನ್ನೂ ಸೋಪು ಹಾಕಿ ತೊಳೆದವನು ನಾನು.