ನಮ್ಮ ತೋಟದ ಕಾಲುದಾರಿ

ಐವರ್ನಾಡಿನಲ್ಲಿ ನಾವು ಏಳು ಮಂದಿ ಸೇರಿ ಮೊಬೈಲಿನಲ್ಲಿ ಊರಿನ ನಕ್ಷೆ ತುಂಬಿಸುತ್ತಿದ್ದೆವು. ಜನ ದಿನಾ ನಡೆಯುವ ಕಾಲುದಾರಿ ಯಾರ ಜಾಗದಲ್ಲಿದ್ದರೂ ಗೆರೆ ಎಳೆಯಲೇಬೇಕು ಎಂದು ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದವನು ನಾನೇ. ನಮ್ಮ ರಬ್ಬರ್ ತೋಟದ ದಾರಿಯನ್ನು ಮಾತ್ರ ಹಾಕಲಿಲ್ಲ. ನಕ್ಷೆಯಲ್ಲಿ ಬಂದರೆ ನಾಳೆ ಅದು ಊರವರ ಹಕ್ಕಾದೀತು ಎಂಬ ಹೆದರಿಕೆ.

ಅದೇ ದಾರಿಯಲ್ಲಿ ಸೊಸೈಟಿಗೆ ಹಾಲು ಕೊಂಡುಹೋಗುವ ನೆರೆಮನೆಯ ಅಕ್ಕ ಒಮ್ಮೆ ನನ್ನ ಮೊಬೈಲು ನೋಡಿ, "ನಾನು ಹೋಗುವ ದಾರಿ ಇದ್ರಲ್ಲಿ ಎಲ್ಲುಂಟು?" ಎಂದು ಕೇಳಿದರು.

"ಅದು ದಾರಿ ಅಲ್ಲಕ್ಕ, ನಮ್ಮ ತೋಟ" ಎಂದೆ.

ಅವರು ಮರುದಿನದಿಂದ ಹಾಲಿನ ಕ್ಯಾನು ಹಿಡಿದು ರಸ್ತೆಯಲ್ಲಿ ಸುತ್ತಿ ಹೋಗುತ್ತಿದ್ದಾರೆ. ಕಾಲುದಾರಿಯ ಮೇಲೆ ಹುಲ್ಲು ಬೆಳೆದಿದೆ. ನಾನೇ ಮಾಡಿದ ನಿಯಮದ ಪ್ರಕಾರ ಈಗ ನನ್ನ ನಕ್ಷೆಯಲ್ಲಿ ತಪ್ಪಿಲ್ಲ.