ಮೈಲುತುತ್ತಿನ ಬಾಲ್ದಿ

ಪುತ್ತೂರಿನ ಹೈಸ್ಕೂಲಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದ ಮಾಸ್ಟ್ರು ಪ್ರತಿ ತರಗತಿಯನ್ನೂ ಒಂದೇ ಮಾತಿನಿಂದ ಶುರುಮಾಡುತ್ತಿದ್ದರು: “ಹಿಂದಿನದ್ದು ಒಮ್ಮೆ ನೋಡುವ.” ಕೋಟಿನ ತೋಳಿನಿಂದಲೇ ಬೋರ್ಡು ಒರೆಸಿ ನೋಡತೊಡಗಿದರೆ ಗಂಟೆ ಬಾರಿಸುವವರೆಗೂ ಹಿಂದಿನದ್ದೇ. ಜೂನಿನಲ್ಲಿ ಹಿಡಿದ ಮೊದಲ ಪಾಠ ಆಗಸ್ಟಿನಲ್ಲೂ ಮುಗಿದಿರಲಿಲ್ಲ. ಆ ಪಾಠ ಮಾತ್ರ ನಮ್ಮಲ್ಲಿ ದಡ್ಡಶಿಖಾಮಣಿಗೂ ಬಾಯಿಪಾಠ: ಮೈಲುತುತ್ತಿನ ನೀರಿಗೆ ಕಬ್ಬಿಣ ತಾಗಿದರೆ ನೀರಿನ ತಾಮ್ರವೆಲ್ಲ ಬಂದು ಕಬ್ಬಿಣಕ್ಕೆ ಅಂಟುತ್ತದೆ.

ಒಂದು ಭಾನುವಾರ ಮಳೆ ಬಿಟ್ಟಿತು. ಕೊಳೆರೋಗ ಹತ್ತುವ ಮೊದಲು ಅಡಿಕೆಗೆ ಮದ್ದು ಬಿಡಬೇಕಿತ್ತು. “ಪ್ರಯೋಗ ನೋಡಲಿಕ್ಕೆ ಬನ್ನಿ” ಎಂದು ಮಾಸ್ಟ್ರು ನಮ್ಮನ್ನೂ ನರಿಮೊಗರಿನ ತಮ್ಮ ತೋಟಕ್ಕೆ ಕರೆದರು. ಮದ್ದಿಗೆಂದು ಹೊಸ ಕಬ್ಬಿಣದ ಬಾಲ್ದಿಯಲ್ಲಿ ಮೈಲುತುತ್ತು ಕರಗಿಸಿದರು. ಮರ ಹತ್ತಿ ಮದ್ದು ಬಿಡಲು ಬಂದಿದ್ದ ಪೆರಾಬೆಯ ಆಳು ಹೌಹಾರಿದ.

“ಕಬ್ಬಿಣದಲ್ಲಿ ಕರಗಿಸುದಾ ಮಾಸ್ಟ್ರೆ? ಮಣ್ಣಿನ ಪಾತ್ರೆ ಉಂಟಲ್ಲ!”

“ನೀನು ಮರ ಹತ್ತು ಮಾರಾಯ, ಕೆಮಿಸ್ಟ್ರಿ ನನಗೆ ಬಿಡು.”

ಅದಕ್ಕೆ ಬೆರೆಸುವ ಸುಣ್ಣದ ನೀರು ತಯಾರಾಗುವಷ್ಟರಲ್ಲಿ ಬಾಲ್ದಿಯ ಒಳಮೈ ಕೆಂಪಾಗಿ, ನೀಲಿ ನೀರು ಮಂಕಾಗಿತ್ತು. ಮಾಸ್ಟ್ರು ಆ ಕೆಂಪನ್ನು ಕೋಟಿನ ತೋಳಿನಿಂದ ಒರೆಸಿ ನೋಡಿದರು. ಹೋಗಲಿಲ್ಲ. ಮೇಲೆ ಮತ್ತೆ ಮೋಡ ಕವಿಯುತ್ತಿತ್ತು.

“ಎಂತ ಆದದ್ದು ಇದು?” ಎಂದು ಆಳು ಕೇಳಿದ.

ಮಾಸ್ಟ್ರು ಬಾಯಿ ತೆರೆಯುವ ಮೊದಲೇ, ಅಭ್ಯಾಸಬಲದಿಂದ, ನಾವೆಲ್ಲ ಒಕ್ಕೊರಲಿನಿಂದ ಮೊದಲ ಪಾಠ ಒಪ್ಪಿಸಿಬಿಟ್ಟೆವು. ಆತ ಪೂರ್ತಿ ಕೇಳಿಸಿಕೊಂಡ.

“ಮಕ್ಕಳಿಗೆ ಒಳ್ಳೆ ಕಲಿಸಿದ್ದೀರಿ ಮಾಸ್ಟ್ರೆ,” ಎಂದ.

ಸೋಮವಾರ ಮಾಸ್ಟ್ರು ಎಂದಿನಂತೆ ಬೋರ್ಡು ಒರೆಸಿದರು. “ಹಿಂದಿನದ್ದು...” ಎಂದವರು ನಮ್ಮ ಮುಖ ನೋಡಿ, ಎರಡನೆಯ ಪಾಠ ತೆರೆದರು.